ಧೂಳು ಕೂರದ ಕಲ್ಲು

ಕುಸುಬಿ ಎಣ್ಣೆಯ ವಾಸನೆ ಬಂದರೆ ಈಗಲೂ ಶಹಾಪುರದ ಕಡೆಯ ನಮ್ಮೂರ ಹಳೆಯ ಗುಡಿ ನೆನಪಾಗುತ್ತದೆ.

ಅದು ನಿಜಾಮನ ಆಳ್ವಿಕೆ ಮುಗಿದ ವರ್ಷ. ಹೊಸ ಸಾಹೇಬರು ನೋಡಲು ಬರುತ್ತಾರೆಂದು ಅಜ್ಜಿ ಗುಡಿಯ ಕಸ ಹೊಡೆಯುತ್ತಿದ್ದಳು. ಮೊಮ್ಮಗಳಾದ ನಾನು ನೀರು ಚಿಮುಕಿಸುತ್ತಿದ್ದೆ. ಬಾಗಿಲಲ್ಲಿ ಕಲ್ಲಿನ ದ್ವಾರಪಾಲಕ. ಪಕ್ಕದ ಕಂಬದ ಮೇಲೆ ಬತ್ತಲೆ ಹೆಣ್ಣು.

"ಇವಗ ದೋತರ, ನಡುಪಟ್ಟಿ ಎಲ್ಲಾ ಕೆತ್ತ್ಯಾರ. ಇಕಿಗಿ ಅರಿವಿ ಸಾಲಲಿಲ್ಲೇನು?" ಎಂದಳು ಅಜ್ಜಿ.

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ನೆರೆಮನೆಯ ಕಾಕಾ ನಕ್ಕ.

"ಅವನ ಮೈತುಂಬ ಧೂಳದ. ಇಕಿ ಎದಿ ಮಾತ್ರ ಯಾಕ ಹೊಳಿತದ?" ಎಂದು ಅಜ್ಜಿ ಮತ್ತೆ ಕೇಳಿದಳು.

"ಮಂದಿ ಭಕ್ತಿಲೆ ಮುಟ್ಟತಾರ್ರಿ, ಅವ್ವಾರ."

ಅಜ್ಜಿ ಆ ಹೊಳೆಯುವ ಕಲ್ಲಿಗೆ ಬೆರಳು ತಾಗಿಸಿ ಮೂಸಿದಳು. ಕುಸುಬಿ ಎಣ್ಣೆಯ ವಾಸನೆ ನನಗೂ ಬಡಿಯಿತು. ಕಾಕಾ ಮೆಲ್ಲಗೆ ಅಂಗೈಯನ್ನು ದೋತರಕ್ಕೆ ಒರೆಸಿಕೊಂಡ.

ಅಜ್ಜಿ ನನ್ನ ರಟ್ಟೆ ಹಿಡಿದು ಕಾಕಾನಿಂದ ದೂರ, ತನ್ನ ಇನ್ನೊಂದು ಬದಿಗೆ ಎಳೆದುಕೊಂಡಳು.