ನವಿಲಿನ ಕಾಲಿಗೆ ಕಟ್ಟಿದ ಬಟ್ಟೆ

"ಎಂಜಲು ತಟ್ಟೆ ಎತ್ತೋರಿಗೆ ಹಿಂದಿನ ಬಾಗಿಲು ಕಣೋ! ನಿನ್ನ ಬೆವರು ನಾತಕ್ಕೆ ಊಟ ಮಾಡೋರು ಎದ್ದು ಹೋಗಬೇಕಾ?"

ಹೋಟೆಲ್ ಮಾಲೀಕ ಎಲ್ಲರಿಗೂ ಕೇಳುವಂತೆಯೇ ಕೂಗಿದ. ಬೆಳ್ಳಿ ಚಮಚ ಹಿಡಿದವರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ವೆಲ್ಡಿಂಗ್ ಕೆಲಸದ ಯುವಕ ಹಲ್ಲು ಕಚ್ಚಿಕೊಂಡು ನಿಂತ. ಮೊಬೈಲಿನಲ್ಲಿ ಈ ಹೋಟೆಲಿನ ಫೋಟೊ ನೋಡಿದಾಗಿನಿಂದ ಅವನಿಗೆ ನಿದ್ದೆ ಇರಲಿಲ್ಲ.

"ಊಟಕ್ಕೆ ಬಂದಿಲ್ಲ ಸಾರ್. ಒಂದು ಮಾತು ಹೇಳಿ ಹೋಗ್ತೀನಿ. ಆ ನವಿಲು ಮೇಲೇರಿಸಿದ್ದು ನಾನೇ."

ಛಾವಣಿಯಿಂದ ಒಂದು ಟನ್ ತೂಕದ ಹಿತ್ತಾಳೆಯ ನವಿಲು ಗರಿ ಬಿಚ್ಚಿ ತೂಗುತ್ತಿತ್ತು. ಗರಿಗೊಂದು ದೀಪ. ಅದರ ನೇರ ಕೆಳಗೆ ಮಾಲೀಕನ ಸ್ವಂತ ಮೇಜು.

"ಓಹೋ, ಅರ್ಧಕ್ಕೇ ಓಡಿಹೋದೋನು ನೀನೇನಾ?"

"ಓಡಲಿಲ್ಲ. ಕೂತು ಬೀಡಿ ಸೇದಿದೆ ಅಂತ ನೀವೇ ಕುತ್ತಿಗೆ ಹಿಡಿದು ನೂಕಿಸಿದ್ರಿ. ಅದಿರಲಿ ಸಾರ್. ನವಿಲಿನ ಕಾಲಿಗೆ ಕಟ್ಟಿರೋ ಆ ಕೆಂಪು ಬಟ್ಟೆ..."

"ಗೊತ್ತು ಬಿಡೋ. ಡಿಸೈನರಮ್ಮ ಕಿತ್ತುಹಾಕಿ ಅಂದ್ರು. ದೃಷ್ಟಿಗೆ ಕಟ್ಟಿರೋದನ್ನ ಯಾರಾದ್ರೂ ಬಿಚ್ತಾರಾ, ಹಾಗೇ ಇರಲಿ ಅಂತ ನಾನೇ ಅಂದೆ. ಅದಕ್ಕೂ ಭಕ್ಷೀಸು ಬೇಕಾ, ಭಿಕಾರಿ?"

ಮತ್ತೆ ನಗು ಎದ್ದಿತು. ಮಾಲೀಕ ತನ್ನ ಮೇಜಿಗೆ ಹೋಗಿ, ಕಾಲ ಮೇಲೆ ಕಾಲು ಹಾಕಿ ಕೂತ.

"ಬಾಯಿಗೇನು ಬೀಗ ಬಿತ್ತಾ? ಹೇಳು, ದೃಷ್ಟಿಗೇ ತಾನೇ ಕಟ್ಟಿದ್ದು?"

ಬೋಲ್ಟ್ ಇನ್ನೂ ಬಿಗಿದಿಲ್ಲ, ಕೆಳಗೆ ಯಾರೂ ನಿಲ್ಲಬೇಡಿ ಎಂದು ಅಂದು ತನ್ನ ಕೈಯಾರೆ ಕಟ್ಟಿದ್ದ ಆ ಬಟ್ಟೆಯನ್ನು ಯುವಕ ಒಮ್ಮೆ ತಲೆಯೆತ್ತಿ ನೋಡಿದ; ಉತ್ತರ ಕೊಡದೆ ಹೊರಟುಹೋದ.