ಉಸ್ತಾದನ ರೊಟ್ಟಿ

ಗಾಳೆಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ರಜೆಗೆ ಬಂದ ಮಗ ಗಂಗಾಧರ ಅಡುಗೆಮನೆಯ ಬಾಗಿಲಿನಿಂದ ಒಲೆಯವರೆಗೆ ನಡೆದು ತೋರಿಸಿದ. ಬಲಗಾಲು ಮುಂದೆ ಹೋದರೆ ಬಲಗೈಯೂ ಮುಂದೆ, ಎಡಗಾಲಿನ ಜೊತೆ ಎಡಗೈ. ಪಲ್ಯ ತಿರುವುತ್ತಿದ್ದ ಹೆಂಡತಿ ಸುಮಂಗಲಾ ನಗು ತಡೆಯಲಾರದೆ ಸೌಟನ್ನೇ ಕೆಳಗಿಟ್ಟಳು.

“ಹಿಂಗ ನಡೀತಾನ ನೋಡಬೇ ಅವ! ಬಿರಂಚಿ ಅಂತ, ಒಡಿಶಾದ ಹುಡುಗ. ಯಾರೂ ನೋಡಲಿಲ್ಲಂದ್ರ ನೆಟ್ಟಗ ನಡೀತಾನ. ನಾ ನೋಡಿದ್ನೋ, ಕೈ ಕಾಲು ಕೂಡೇ ಏಳ್ತಾವ.”

ಗಂಗಾಧರ ಸೈನ್ಯದಲ್ಲಿ ಹವಾಲ್ದಾರ. ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಕಲಿಸುವವನು. ಹುಡುಗರು ಅವನನ್ನು ಉಸ್ತಾದ್ ಎನ್ನುತ್ತಾರೆ. ಊರಿಗೆ ಬಂದಾಗಲೆಲ್ಲ ಅಲ್ಲಿಯ ಒಂದೊಂದು ಕಥೆ ತರುತ್ತಿದ್ದ, ಮನೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಮತ್ತ ಅವನಿಗೆ ಏನ್ ಮಾಡ್ತೀಯಪ್ಪ?” ಗಾಳೆಮ್ಮ ಕೇಳಿದಳು.

“ಅವಗ ಏನೂ ಮಾಡಂಗಿಲ್ಲ, ಅಲ್ಲೇ ಐತಿ ಮಜಾ. ಅವನ್ನ ನೆರಳಾಗ ಕುಂದ್ರಿಸಿ, ಉಳದವ್ರನ್ನ ಬಿಸಲಾಗ ಕಪ್ಪಿ ಜಿಗಿಸಿದಂಗ ಜಿಗಿಸ್ತೀನಿ, ಮೈದಾನ ಪೂರಾ! ಆಮ್ಯಾಲ ಅವರೇ ಅವನ್ನ ವಿಚಾರಿಸ್ಕಂತಾರ. ಹಾಸಿಗಿ ಮ್ಯಾಲ ನೀರು ಸುರೀತಾರ, ಬೂಟು ಬಚ್ಚಿಡ್ತಾರ. ನಾ ಕೈನೇ ಎತ್ತಂಗಿಲ್ಲ.”

“ಕಲ್ತನೇನು?”

“ಎಲ್ಲಿ ಕಲೀತಾನಬೇ! ಈಗ ಕುತ್ತಿಗೀನೂ ಕೂಡೇ ಅಲ್ಲಾಡ್ತೈತಿ.” ತಾನೇ ನಕ್ಕ. “ಅದಕ್ಕ ಅವನ ಫೋನು ಕಸಗಂಡೆ. ಅವರವ್ವಗ ಕಾಗದ ಬರದು ಕೊಟ್ಟ, ಅದನ್ನೂ ಇಟಗಂಡೆ. ನೆಟ್ಟಗ ನಡದ ದಿನ ಡಬ್ಬಿಗೆ ಹಾಕ್ತೀನಿ ಅಂದೀನಿ. ಶ್ರಾವಣದಾಗ ಬರದದ್ದು, ದೀಪಾವಳಿನೂ ಆತು. ಇನ್ನೂ ನನ್ನ ಬ್ಯಾಗಿನ್ಯಾಗೇ ಐತಿ.”

ಸುಮಂಗಲಾಳ ನಗು ನಿಂತಿತು. ಗಾಳೆಮ್ಮ ರೊಟ್ಟಿ ತಿರುವಿಹಾಕಿದಳು.

“ಆಕಿ ಏನ್ ತಪ್ಪು ಮಾಡ್ಯಾಳ, ಆ ತಾಯಿ?”

“ಯವ್ವಾ, ಶಿಸ್ತು ಅಂದ್ರ ಹಂಗಬೇ. ನಿನಗ ತಿಳ್ಯಂಗಿಲ್ಲ.”

“ಹೌದಾ.” ಗಾಳೆಮ್ಮ ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. ಒಲೆಯ ಮುಂದಿನಿಂದ ಎದ್ದು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. “ಬಾ ಹಂಗಾರ, ನೀ ಕುಂದ್ರು. ಒಂದು ರೊಟ್ಟಿ ಬಡಿ. ದುಂಡಗಿರಬೇಕು, ಹಂಚಿನ ಮ್ಯಾಲ ಉಬ್ಬಬೇಕು.”

“ಉಬ್ಬಲಿಲ್ಲಂದ್ರ?”

“ನಿನಗ ಏನೂ ಮಾಡಂಗಿಲ್ಲಪ್ಪ. ಉಬ್ಬೂತನಕ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ.”

ಗಂಗಾಧರ ನಗುತ್ತಲೇ ಅಂಗಿಯ ತೋಳು ಮಡಚಿ ಕೂತ. ಮೊದಲನೆಯ ರೊಟ್ಟಿ ಎತ್ತುವಾಗಲೇ ಮೂರು ತುಂಡಾಯಿತು. ಎರಡನೆಯದು ಹಂಚಿನವರೆಗೆ ಹೋಗಿ ಅಲ್ಲಿ ಮಡಚಿಕೊಂಡಿತು. ಮುಂದಿನದನ್ನು ಸುಮಂಗಲಾ ಬಗ್ಗಿ ನೋಡಿದಳು.

“ಇದು ಒಡಿಶಾದ ನಕಾಶಿ ಏನ್ರೀ?”

ಅಷ್ಟರಲ್ಲಿ ಅಪ್ಪ ಜಂಬಯ್ಯ ಬಂದ. ಪಂಪ್‌ಸೆಟ್ಟಿನ ಮೋಟರು ರಿಪೇರಿಗೆಂದು ಕೊಟ್ಟೂರಿಗೆ ಹೋದವನು ಬಸ್ಸಿನಲ್ಲಿ ನಿಂತೇ ಬಂದಿದ್ದ. ಕೈಕಾಲು ತೊಳೆದು ತಾಟಿನ ಮುಂದೆ ಕೂತ. ಸುಮಂಗಲಾ ವಿಷಯ ಹೇಳಿದಾಗ ಮೊದಲು ನಕ್ಕ. ಮತ್ತೊಂದು ರೊಟ್ಟಿ ಹರಿದಾಗ ನಗಲಿಲ್ಲ.

“ಸರಕಾರ ನಿನ್ನ ಕೈಯಾಗ ಬಂದೂಕ ಕೊಟ್ಟೈತಿ, ಒಂದು ಹಿಟ್ಟಿನ ಉಂಡಿ ನಿನ್ನ ಮಾತು ಕೇಳವಲ್ದೇನಲೇ?”

“ಕೇಳ್ತೈತಿ ತಡಿಯಪಾ...”

“ಇನ್ನೆಷ್ಟು ತಡೀಲಿ? ಏ ಗಾಳೆಮ್ಮ, ಆ ಬುಟ್ಟ್ಯಾಗ ಐತಲ್ಲ, ಒಂದರ ಕೊಡು.”

“ನನ್ನ ಕೇಳಬ್ಯಾಡ. ಉಸ್ತಾದನ್ನ ಕೇಳು.”

ಜಂಬಯ್ಯ ಎದ್ದ. ಕುಡಿಯಲು ಇಟ್ಟಿದ್ದ ಚೊಂಬಿನ ನೀರನ್ನು ಮಗನ ಅಂಗಿಯ ಕಾಲರ್ ಎಳೆದು ಬೆನ್ನೊಳಗೆ ಸುರಿದು, ಮತ್ತೆ ಬಂದು ತಾಟಿನ ಮುಂದೆ ಕೂತ. ಗಂಗಾಧರ ಕೂತಲ್ಲೇ ಹಾರಿದ. ಕೈಯಲ್ಲಿದ್ದ ರೊಟ್ಟಿ ಬೂದಿಯಲ್ಲಿ ಬಿತ್ತು. ಹೊರಗೆ ಹೋಗಿ ಬಂದ ಸುಮಂಗಲಾ ಏನೂ ಅರಿಯದವಳಂತೆ ಪಲ್ಯದ ಮುಂದೆ ಕೂತಳು.

ಗಾಳೆಮ್ಮ ಬುಟ್ಟಿ ಹಿಡಿದುಕೊಂಡು ಮಗನ ಕೈಯನ್ನೇ ನೋಡುತ್ತಿದ್ದಳು. ಅವನು ಮತ್ತೆ ಹಿಟ್ಟು ನಾದಿದ, ಉಂಡೆ ಕಟ್ಟಿದ, ತಟ್ಟಿದ. ಅಂಚು ಒಡೆಯಿತು. ಒತ್ತಿ ಕೂಡಿಸಿದರೆ ಆಚೆ ಬದಿ ಒಡೆಯಿತು.

“ಯವ್ವಾ, ನೀ ಹಂಗ ನೋಡಬ್ಯಾಡಬೇ! ನೀ ನೋಡಿದ್ರ ನನ್ನ ಕೈನೇ ಓಡಂಗಿಲ್ಲ!”

ಒಲೆಯಲ್ಲಿ ಜಾಲಿಯ ಕಟ್ಟಿಗೆ ಚಟಪಟ ಎಂದಿತು.

“ನಾ ಏನ್ ಮಾಡೀನಪ್ಪ?” ಗಾಳೆಮ್ಮ ಮೆಲ್ಲಗೆ ಕೇಳಿದಳು. “ಕೈ ಎತ್ತೀನೇನು?”

ಗಂಗಾಧರ ಒಡೆದ ಹಿಟ್ಟನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಪಡಸಾಲೆಗೆ ಹೋಗಿ ಬ್ಯಾಗು ತೆರೆದ. ಸ್ಟಾಂಪು ಹಚ್ಚಿ ಅಂಟಿಸಿದ್ದ ಲಕೋಟೆ ಹೊರಗೆ ಬಂತು. ಮೂಲೆಗಳು ಮುದುಡಿದ್ದವು. ಅದನ್ನು ತೊಡೆಯ ಮೇಲಿಟ್ಟು ನೇರ ಮಾಡುವಾಗ ಅವನ ಐದೂ ಬೆರಳಿನ ಹಿಟ್ಟಿನ ಗುರುತು ಅದರ ಮೇಲೆ ಮೂಡಿತು.

“ಅಂಚಿ ಡಬ್ಬಿ ಇನ್ನೂ ಪಂಚಾಯ್ತಿ ಗ್ವಾಡಿಗೇ ಐತೇನು?”

“ಐತಿ ಹೋಗು.”

“ಇನ್ನಾದ್ರೂ ಉಣ್ಣನೇನು?” ಜಂಬಯ್ಯ ತಾಟು ಮುಂದೆ ತಳ್ಳಿದ.

“ಕಾಗದ ಬೀಳಲಿ,” ಎಂದಳು ಗಾಳೆಮ್ಮ.

ಬಾಗಿಲಲ್ಲಿ ಗಂಗಾಧರನ ಚಪ್ಪಲಿ ಇರಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಅವಳು ಜಂತಿಯ ಕಡೆ ನೋಡಿದಳು. ಬರಿಗಾಲಿನಲ್ಲೇ ಇಳಿದ.

ಮೂವರೂ ಬಾಗಿಲಿಗೆ ಬಂದು ನಿಂತರು. ಜಂಬಯ್ಯನ ಕೈಯಲ್ಲಿ ತಾಟು ಹಾಗೆಯೇ ಇತ್ತು. ಪಂಚಾಯ್ತಿಯವರೆಗೆ ನೇರ ದಾರಿ, ಕೆಂಪು ಡಬ್ಬಿ ಮನೆಯಿಂದಲೇ ಕಾಣುತ್ತಿತ್ತು. ತಾಯಿ ನೋಡುತ್ತಿದ್ದಾಳೆಂದು ಗಂಗಾಧರನಿಗೆ ತಿರುಗದೆಯೇ ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿ ಎದೆಯುಬ್ಬಿಸಿ ಹೆಜ್ಜೆ ಹಾಕಿದ. ಬಲಗಾಲು ಮುಂದೆ ಹೋಯಿತು. ಅದರ ಜೊತೆಗೇ ಕಾಗದ ಹಿಡಿದ ಬಲಗೈಯೂ ಹೋಯಿತು. ಸುಮಂಗಲಾ ಸೆರಗು ಬಾಯಿಗೆ ಒತ್ತಿಕೊಂಡಳು.

ಕಾಗದ ಡಬ್ಬಿಯೊಳಗೆ ಬೀಳುವವರೆಗೂ ಕೈಯೂ ಕಾಲೂ ಕೂಡಿಯೇ ನಡೆದವು.