ದಪ್ಪ ಹುರಿ

ಗಾಳದ ಹುರಿ ಜಗ್ಗಿದ ರಭಸಕ್ಕೆ ಹರಿಗೋಲು ಗರ್ರನೆ ತಿರುಗಿತು. ಮಗ ಜ್ವರದಿಂದ ಮಲಗಿದ್ದರಿಂದ ಮುದುಕವ್ವ, ಸೊಸೆ ದುರುಗವ್ವ ಇಬ್ಬರೇ ಆನೆಗೊಂದಿಯ ಹೊಳೆಗೆ ಇಳಿದಿದ್ದರು. ಹುರಿಯನ್ನು ಮುದುಕವ್ವ ಮುಂಗೈಗೆ ಸುತ್ತಿಕೊಂಡಿದ್ದಳು. ಮನೆಯಲ್ಲಿ ದುರುಗವ್ವ, "ಸಣ್ಣ ಹುರಿ ಸಾಕ್ರಿ ಅತ್ತಿ, ದೊಡ್ಡದೇನರ ಬಿದ್ದರ ತಾನ ಹರಿತೈತಿ" ಅಂದಿದ್ದಕ್ಕೆ, "ಮೀನ ಬಿಡಾಕ ಹೊಂಟೇವೇನು?" ಎಂದು ಗದರಿ ದಪ್ಪದ್ದನ್ನೇ ತಂದಿದ್ದಳು.

ನೀರಿನಿಂದ ಮೊದಲು ಎರಡು ಕಣ್ಣು ಮೇಲೆದ್ದವು, ಆಮೇಲೆ ಗರಗಸದಂಥ ಬೆನ್ನು. ಮೊಸಳೆ ಗಾಳ ನುಂಗಿತ್ತು. ಅದು ಮತ್ತೆ ಮುಳುಗಿದಾಗ ಮುದುಕವ್ವನ ತೋಳು ನೀರಿಗಿಳಿಯಿತು, ಹರಿಗೋಲು ಅತ್ತ ವಾಲಿತು.

"ಬಿಚ್ರಿ ಅತ್ತಿ."

"ಬಿಚ್ಚಾಕ ಬರವಲ್ದು ದುರುಗಿ, ಬಿಗಿದು ಕುಂತೈತಿ."

ದುರುಗವ್ವ ಹರಿಗೋಲಿನಲ್ಲಿದ್ದ ಕುಡುಗೋಲು ಎತ್ತಿಕೊಂಡು ಬಾಗಿದಳು. ನೀರೊಳಗೆ ಹುರಿ ಯಾವುದು, ಅತ್ತೆಯ ಕೈ ಯಾವುದು ಕಾಣುತ್ತಿರಲಿಲ್ಲ. ತಡವಿ ನೋಡಿ ಕೊಯ್ದಳು. ಹುರಿ ಹರಿದು, ಹರಿಗೋಲು ಜೋಲಿ ಹೊಡೆದು ನಿಂತಿತು.

ಅವಳು ದಂಡೆಯತ್ತ ಹುಟ್ಟು ಹಾಕತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಯಾರ ಮುಖವನ್ನು ಕಣ್ಣೆತ್ತಿ ನೋಡಲೂ ಹೆದರುತ್ತಿದ್ದಳೋ ಆ ಅತ್ತೆ, ಈಗ ಅವಳ ಕಾಲ ಬಳಿ ಕುಳಿತು ಸೀರೆಯ ನೆರಿಗೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ದಂಡೆ ಮುಟ್ಟಿದ ಮೇಲೂ ಬಿಡಲಿಲ್ಲ.